ಅಂಟಿಕೆ-ಪಂಟಿಕೆ ಹಾಡಿಗೆ ಅರ್ಥ ಏನು?

ಹೋದ ವಾರ ಅಕ್ಕನ ಮಗ ವಾಟ್ಸಾಪಲ್ಲಿ ಒಂದು ವಿಡಿಯೋ ಕಳಿಸಿದ್ದ. ಯಾವುದೋ ವೇದಿಕೆ. ಹಿಂದೆ ದೊಡ್ಡ ಫ್ಲೆಕ್ಸು, ಮುಂದೆ ನಾಲ್ಕು ಮೈಕು. ಒಂದೇ ಬಣ್ಣದ ಜುಬ್ಬ ಹಾಕಿ, ಜರಿಪೇಟ ಸುತ್ತಿಕೊಂಡ ಆರೇಳು ಜನ ಅಂಟಿಕೆ-ಪಂಟಿಕೆ ಹಾಡ್ತಾ ಇದ್ದರು. ಮಧ್ಯದಲ್ಲಿ ಪ್ಲಾಸ್ಟಿಕ್ಕಿನ ಬ್ಯಾಟರಿ ದೀಪ. ಚೆನ್ನಾಗೇ ಹಾಡಿದ್ದರು, ಸುಳ್ಳು ಹೇಳಬಾರದು. ವಿಡಿಯೋ ಕೆಳಗೆ ಅವನ ಪ್ರಶ್ನೆ: "ಮಾಮ, ಈ ಹಾಡಿನ ಮೀನಿಂಗ್ ಏನು?"

ಅವನು ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರು. ಆಫೀಸಿನ ಗಡಿಬಿಡಿಯಲ್ಲಿ "ದೀಪಾವಳಿ ಹಾಡು ಕಣೋ. ಬಲೀಂದ್ರನ್ನ ಕರೆಯೋದು, ಬಾಗಿಲು ತೆಗೀರಿ ಅಂತ ಕೇಳೋದು" ಅಂತ ಬರೆದು ಕಳಿಸಿದೆ. ಅವನು ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾದ. ಆದರೆ ನನಗೆ ಸಮಾಧಾನ ಆಗಲಿಲ್ಲ. ಹೇಳಿದ್ದು ಸುಳ್ಳಲ್ಲ, ಆದರೆ ಅರ್ಥ ಅದಲ್ಲ ಅಂತ ರಾತ್ರಿಯೆಲ್ಲ ಕೊರೀತಾ ಇತ್ತು. ಅದಕ್ಕೇ ಇಲ್ಲಿ ಬರೀತಾ ಇದೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ :-)

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ನಮ್ಮ ಮಲೆನಾಡಿನಲ್ಲಿ, ಅಂದ್ರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಆ ಕಡೆ ತೀರ್ಥಹಳ್ಳಿ, ಹೊಸನಗರ, ಸಾಗರದವರೆಗೂ, ದೀಪಾವಳಿ ಸಮಯದಲ್ಲಿ ಗಂಡಸರ ಗುಂಪೊಂದು ದೀಪ ಹಿಡಿದುಕೊಂಡು ರಾತ್ರಿಯಿಡೀ ಮನೆಯಿಂದ ಮನೆಗೆ ಹಾಡ್ತಾ ಹೋಗುತ್ತೆ. ಕೆಲವರು ಅಂಟಿಕೆ-ಪಂಟಿಕೆ ಅಂತಾರೆ, ಕೆಲವರು ಅಂಟಿಗೆ-ಪಿಂಟಿಗೆ ಅಂತಾರೆ. ನಮ್ಮೂರಲ್ಲಿ ಬಲಿಪಾಡ್ಯಮಿ ರಾತ್ರಿ ದೇವಸ್ಥಾನದಲ್ಲಿ ದೀಪ ಹಚ್ಚಿಕೊಂಡು ಹೊರಟರೆ ಮೂರು ರಾತ್ರಿ ತಿರುಗಾಟ. ಆ ದೀಪ ಆರಬಾರದು. ಮುಂದೆ ಇಬ್ಬರು ಹಾಡಿದ್ದನ್ನ ಹಿಂದಿನವರು ಎತ್ತಿಕೊಂಡು ಹಾಡಬೇಕು. ಮನೆ ಮುಂದೆ ನಿಂತು ಬಾಗಿಲು ತೆಗೆಯೋ ಪದ. ಬಾಗಿಲು ತೆಗೆದ ಮೇಲೆ ದೀಪ ಒಳಗಿಟ್ಟು ಎಣ್ಣೆ ಎರೆಯೋ ಪದ. ಆಮೇಲೆ ಬಲೀಂದ್ರನದ್ದೋ, ಮನೆಯವರು ಕೇಳಿದ ಬೇರೆ ಯಾವುದಾದರೂ ಕಥೆಯದ್ದೋ ಪದ. ಮನೆಯವರು ದೀಪಕ್ಕೆ ಎಣ್ಣೆ ಹಾಕಿ, ಅಕ್ಕಿ, ಕಾಯಿ, ದುಡ್ಡು ಕೊಟ್ಟು, ಹೊಟ್ಟೆಗೂ ಏನಾದರೂ ಕೊಟ್ಟು ಕಳಿಸ್ತಾರೆ. ಕೊನೆಗೆ ಒಟ್ಟಾದ ಅಕ್ಕಿ-ಕಾಯಲ್ಲಿ ಎಲ್ಲರೂ ಸೇರಿ ಒಂದು ಊಟ. ಅಂಟಿಕೆ ಅಂದ್ರೆ ಅಂಟಿಸೋದು, ದೀಪದಿಂದ ದೀಪ ಅಂಟಿಸೋದು ಅಂತ ನಮ್ಮ ದೊಡ್ಡಪ್ಪ ಹೇಳ್ತಿದ್ದರು. ನನಗೆ ಆ ವಿವರಣೆ ತುಂಬ ಇಷ್ಟ.

ಪದಗಳ ಅರ್ಥ ಕೇಳಿದರೆ ಅಕ್ಕನ ಮಗನಿಗೆ ಹೇಳಿದ್ದೇ ಸರಿ. ವಾಮನ ಮೂರು ಹೆಜ್ಜೆ ಭೂಮಿ ಕೇಳಿ ಬಲೀನ ಪಾತಾಳಕ್ಕೆ ತುಳಿದ. ವರ್ಷಕ್ಕೊಮ್ಮೆ ಬಂದು ತನ್ನ ರಾಜ್ಯ ನೋಡಿಕೊಂಡು ಹೋಗೋದಕ್ಕೆ ಬಲಿಗೆ ಅನುಮತಿ. ಅವನು ಬರುವಾಗ ಊರು ಕತ್ತಲಾಗಿರಬಾರದು ಅಂತ ದೀಪ. ಈ ಹಾಡಿನಲ್ಲಿ ಎಲ್ಲೂ ಯೌವನ ಅನ್ನೋ ಮಾತಿಲ್ಲ, ಗೆಳೆತನ ಅನ್ನೋ ಮಾತಿಲ್ಲ, ನಮ್ಮ ಕಷ್ಟಗಳ ಪಟ್ಟಿಯೂ ಇಲ್ಲ. ಆದರೂ ನನ್ನ ಮಟ್ಟಿಗೆ ಈ ಹಾಡು ಇರೋದೇ ಆ ಮೂರರ ಬಗ್ಗೆ. ಅದು ಪದದಲ್ಲಿಲ್ಲ, ಹಾಡ್ತಾ ನಡೆಯೋದರಲ್ಲಿದೆ. ಅದನ್ನ ಹೇಳೋದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನಾನು ಮೊದಲ ಸಲ ದೀಪದ ಜೊತೆ ಹೋಗಿದ್ದು 1998ರಲ್ಲಿ, ಪಿಯುಸಿ ಓದ್ತಿದ್ದಾಗ. ನಮ್ಮನೆ ಕೊಪ್ಪದಿಂದ ಜಯಪುರದ ಕಡೆ ಹೋಗೋ ದಾರಿಯಿಂದ ಒಳಗೆ. ಮಲೆನಾಡಿನ ಊರು ಅಂದ್ರೆ ನಿಮಗೆ ಗೊತ್ತಲ್ಲ, ಬಯಲುಸೀಮೆ ಹಾಗೆ ಸಾಲುಮನೆ ಇರಲ್ಲ. ಇಲ್ಲೊಂದು ಮನೆ, ಗುಡ್ಡ ಹತ್ತಿ ಇಳಿದರೆ ಅಲ್ಲೊಂದು. ನಡುವೆ ಕಾಡು, ಗದ್ದೆ, ತೋಟ, ಹಳ್ಳ. ಮಳೆ ಆಗಷ್ಟೇ ಹಿಂದೆ ಸರಿದಿರುತ್ತೆ. ಅಂಚೆಲ್ಲ ಜಾರ್ತಾ ಇರುತ್ತೆ, ಉಂಬಳ ಇನ್ನೂ ಹೋಗಿರಲ್ಲ. ಹಳ್ಳಕ್ಕೆ ಎರಡು ಅಡಿಕೆ ಮರ ಜೋಡಿಸಿದ ಸಂಕ, ಹಿಡಿದುಕೊಳ್ಳೋದಕ್ಕೆ ಒಂದು ಬಿದಿರಿನ ಗಳ. ಗಾಳಿ ಬಂದಾಗ ಕೊಡೆ ಅಡ್ಡ ಹಿಡಿದು ದೀಪ ಕಾಯಬೇಕು. ಒಬ್ಬ ದೀಪ ಹಿಡಿದರೆ ಇನ್ನೊಬ್ಬ ಕೊಡೆ, ಮತ್ತೊಬ್ಬ ಎಣ್ಣೆ ಗಿಂಡಿ, ಇನ್ನೊಬ್ಬನ ಹೆಗಲಿಗೆ ಅಕ್ಕಿ ಚೀಲ. ಒಬ್ಬನೇ ಮಾಡೋ ಕೆಲಸವೇ ಅಲ್ಲ ಅದು.

ಆ ವರ್ಷ ನನ್ನ ಜೊತೆ ಕಾಲೇಜಿನ ಇಬ್ಬರು ಗೆಳೆಯರು ಬಂದಿದ್ದರು. ಒಬ್ಬ ಶೃಂಗೇರಿ ಕಡೆಯವನು, ಇನ್ನೊಬ್ಬ ಎನ್.ಆರ್.ಪುರದವನು. ನಮಗೆ ಪದ ಬರ್ತಿರಲಿಲ್ಲ, ಹಿಂದೆ ನಿಂತು ದನಿ ಸೇರಿಸೋದಷ್ಟೇ ಕೆಲಸ. ನಿಜ ಹೇಳಬೇಕು ಅಂದ್ರೆ ನಾವು ಹೋಗಿದ್ದು ಭಕ್ತಿಗಲ್ಲ, ಕಡುಬು-ಹೋಳಿಗೆಗೆ. ಹಿಂದಿನ ರಾತ್ರಿ ಬೂರೆ ಕಳ್ಳತನ ಅಂತ ಯಾರದೋ ಹಿತ್ತಲಿನ ಸೌತೆಕಾಯಿ ಹಾರಿಸಿದ್ದ ಉಮೇದು ಬೇರೆ ಇತ್ತು :-) ಸೌತೆಕಾಯಿ ಕಳೆದುಕೊಂಡವರ ಮನೆ ಮುಂದೇನೇ ಮರುದಿನ ದೀಪ ಹಿಡಿದು ನಿಂತಾಗ ನಮ್ಮ ಮುಖ ನೋಡಬೇಕಿತ್ತು.

ಎರಡನೇ ರಾತ್ರಿ, ಸುಮಾರು ಎರಡು ಗಂಟೆ ಇರಬೇಕು, ಸಂಕ ದಾಟುವಾಗ ನಾನು ಜಾರಿದೆ. ಆಗ ದೀಪ ಇದ್ದಿದ್ದು ನನ್ನ ಕೈಯಲ್ಲಿ. ಶೃಂಗೇರಿಯವನು ನನ್ನ ಕೈ ಹಿಡಿಯಲಿಲ್ಲ, ದೀಪ ಹಿಡಿದ! ನಾನು ಸೊಂಟದವರೆಗೂ ನೀರಿಗೆ. ಎದ್ದು ಬಂದು ಬೈದಾಗ ಅವನು "ನೀನು ಒಣಗ್ತೀಯ ಮಾರಾಯ, ಅದು ಆರಿದ್ರೆ ದೇವಸ್ಥಾನದಿಂದ ಮತ್ತೆ ಶುರು ಮಾಡಬೇಕಿತ್ತು" ಅಂದ. ದೊಡ್ಡಪ್ಪ ನಕ್ಕು ತಮ್ಮ ಕಂಬಳಿ ಬಿಚ್ಚಿ ನನಗೆ ಹೊದಿಸಿದರು, ಅವರು ಬರೀ ಬನಿಯನ್ನಿನಲ್ಲಿ ಬೆಳಗಿನ ತನಕ ಹಾಡಿದರು. ಈ ಹಾಡಿಗೆ ಅರ್ಥ ಏನು ಅಂತ ಯಾರಾದರೂ ಕೇಳಿದಾಗ ನನಗೆ ನೆನಪಾಗೋದು ಬಲೀಂದ್ರ ಅಲ್ಲ, ಆ ಕಂಬಳಿ.

ಆ ವರ್ಷವೇ ನನಗೆ ಇನ್ನೊಂದು ವಿಷಯ ಗೊತ್ತಾಯ್ತು. ಮನೆ ಮುಂದೆ ಬಂದ ಮೇಲೆ ಹಾಡೋದಲ್ಲ, ದಣಪೆ ದಾಟೋ ಮುಂಚೆಯೇ ದನಿ ತೆಗೀಬೇಕು ಅಂತ ದೊಡ್ಡಪ್ಪ ಹೇಳೋರು. ಯಾಕೆ ಅಂದ್ರೆ, ಕಾಡಿನ ನಡುವಿನ ಒಂಟಿ ಮನೆ. ನಡುರಾತ್ರಿ. ಒಳಗೆ ವಯಸ್ಸಾದವರು ಇರ್ತಾರೆ, ಬಾಣಂತಿ ಇರ್ತಾಳೆ. ಹೊರಗೆ ಹೆಜ್ಜೆ ಸದ್ದು ಕೇಳಿದರೆ ಹೆದರಿಕೆ ಆಗುತ್ತೆ. ಬರ್ತಾ ಇರೋದು ನಾವು, ಹೆದರಬೇಡಿ, ಬಾಗಿಲು ತೆಗೀರಿ ಅಂತ ದೂರದಿಂದಲೇ ಹೇಳೋದಕ್ಕೆ ಹಾಡು. ಅಂದ್ರೆ ನೋಡಿ, ಬಾಗಿಲು ತೆಗೆಯೋ ಪದ ಅನ್ನೋದು ಬರೀ ಶಾಸ್ತ್ರ ಅಲ್ಲ. ಕತ್ತಲೆಯಲ್ಲಿ ಬರೋ ಮನುಷ್ಯನ್ನ ಇನ್ನೊಬ್ಬ ಮನುಷ್ಯ ನಂಬೋದಕ್ಕೆ ಮಾಡಿಕೊಂಡ ಏರ್ಪಾಟು.

ಇದು ಎಷ್ಟು ದೊಡ್ಡ ಮಾತು ಅಂತ ಅರ್ಥವಾಗಿದ್ದು 2005ರಲ್ಲಿ. ಆ ಫೆಬ್ರವರಿಯಲ್ಲಿ ನಮ್ಮ ಕಡೆಯ ಮೆಣಸಿನಹಾಡ್ಯದ ಹತ್ತಿರ ಪೊಲೀಸರ ಗುಂಡಿಗೆ ನಕ್ಸಲ್ ನಾಯಕ ಸಾಕೇತ್ ರಾಜನ್ ಸತ್ತಿದ್ದು ನಿಮಗೆಲ್ಲ ನೆನಪಿರಬಹುದು. ಆಮೇಲಿನ ದಿನಗಳಲ್ಲಿ ಕಾಡಂಚಿನ ಮನೆಗಳಿಗೆ ರಾತ್ರಿ ಬಾಗಿಲು ತಟ್ಟಿದ ಸದ್ದು ಅಂದ್ರೇನೇ ಭಯ. ಬಂದವರು ಯಾರು, ಅನ್ನ ಕೇಳೋರೋ, ವಿಚಾರಣೆ ಮಾಡೋರೋ, ಬಾಗಿಲು ತೆಗೆದರೆ ತಪ್ಪೋ, ತೆಗೆಯದಿದ್ದರೆ ತಪ್ಪೋ... ಆ ವರ್ಷ ದೀಪಾವಳಿಗೆ "ಈ ಸಲ ಬೇಡ" ಅಂತ ಮನೆಮನೆಯಲ್ಲೂ ಮಾತಾಯ್ತು. ಹತ್ತು ಹನ್ನೆರಡು ಜನ ಹುಡುಗರು ರಾತ್ರಿ ಕಾಡಲ್ಲಿ ಗುಂಪಾಗಿ ನಡೆಯೋದು ಅಂದ್ರೆ ಯಾರು ಏನಂದುಕೊಳ್ತಾರೋ ಅಂತ ಅಮ್ಮಂದಿರಿಗೆ ಹೆದರಿಕೆ.

ದೊಡ್ಡಪ್ಪ ಒಬ್ಬರೇ ಹಟ ಹಿಡಿದರು. "ಈ ವರ್ಷ ಹೋಗದಿದ್ರೆ ಮತ್ಯಾವ ವರ್ಷ ಹೋಗೋದು? ಬಾಗಿಲು ತೆಗೆಯೋಕೆ ಜನ ಹೆದರ್ತಿರೋ ಹೊತ್ತಲ್ಲೇ ಈ ಹಾಡು ಬೇಕಾಗೋದು" ಅಂದರು. ಕೊನೆಗೆ ಹತ್ತಿರದ ಒಂಬತ್ತು ಮನೆಗಳಿಗೆ ಮಾತ್ರ ಹೋದೆವು. ಗದ್ದೆ ಆ ತುದಿಯಿಂದಲೇ ಗಟ್ಟಿಯಾಗಿ ಹಾಡ್ತಾ ಹೋದೆವು. ಒಂಬತ್ತಕ್ಕೆ ಒಂಬತ್ತೂ ಬಾಗಿಲು ತೆರೆದವು. ಒಂದು ಮನೆಯ ಅಮ್ಮ ದೀಪಕ್ಕೆ ಎಣ್ಣೆ ಹಾಕ್ತಾ ಅತ್ತೇಬಿಟ್ಟರು. ಯಾಕೆ ಅಂತ ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. 2025ರ ಜನವರಿಯಲ್ಲಿ ಆರು ಜನ ನಕ್ಸಲರು ಬೆಂಗಳೂರಿಗೆ ಹೋಗಿ ಮುಖ್ಯಮಂತ್ರಿಗಳ ಎದುರು ಶರಣಾದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾಗಿದ್ದು ಆ ಅಮ್ಮ.

ಇನ್ನು ಕಷ್ಟದ ವಿಷಯ. ಶೃಂಗೇರಿ ಗೆಳೆಯನ ತೋಟಕ್ಕೆ ಹಳದಿ ಎಲೆ ರೋಗ ಬಂದಿತ್ತು. ಅಡಿಕೆ ಬೆಳೆಯೋರಿಗೆ ಇದನ್ನ ವಿವರಿಸಬೇಕಿಲ್ಲ, ಉಳಿದವರಿಗೆ ಹೇಳ್ತೀನಿ. ಗರಿಯ ತುದಿ ಹಳದಿ ಆಗೋದಕ್ಕೆ ಶುರುವಾಗಿ ಒಳಕ್ಕೆ ಹರಡುತ್ತೆ. ಕಾಯಿ ಉದುರುತ್ತೆ, ಉಳಿದ ಅಡಿಕೆ ಒಳಗೆ ಕಪ್ಪಾಗಿ ಮೆತ್ತಗಾಗಿ ಮಾರೋದಕ್ಕೆ ಬರಲ್ಲ. ಕೇರಳದಲ್ಲಿ 1914ರಷ್ಟು ಹಿಂದೆಯೇ ಕಂಡಿದ್ದ ರೋಗ ಇದು. ಫೈಟೊಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿಯಿಂದ ಬರುತ್ತೆ, ಒಂದು ಜಾತಿಯ ಜಿಗಿಹುಳು ಹರಡುತ್ತೆ ಅಂತ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆದರೆ ವಾಸಿ ಮಾಡೋ ಔಷಧಿ ಇವತ್ತಿಗೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಇದರ ಹೊಡೆತ ಜಾಸ್ತಿ ತಿಂದಿದ್ದು ಈ ಮೂರೇ ತಾಲ್ಲೂಕು, ಶೃಂಗೇರಿ, ಕೊಪ್ಪ, ಎನ್.ಆರ್.ಪುರ. ಕ್ರೂರ ಏನಂದ್ರೆ ಮರ ತಕ್ಷಣ ಸಾಯಲ್ಲ. ವರ್ಷಾನುಗಟ್ಟಲೆ ನಿಂತಿರುತ್ತೆ, ಫಸಲು ಮಾತ್ರ ಕಮ್ಮಿಯಾಗ್ತಾ ಹೋಗುತ್ತೆ. ಕಡಿಯೋದಕ್ಕೆ ಮನಸ್ಸು ಬರಲ್ಲ, ಇಟ್ಟುಕೊಂಡರೆ ಹೊಟ್ಟೆ ತುಂಬಲ್ಲ.

ಅವನು ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟ. ಆ ದೀಪಾವಳಿಗೂ ನಮ್ಮೂರಿಗೆ ಬಂದಿದ್ದ. ಎರಡು ಮನೆ ನಡುವಿನ ಗುಡ್ಡದ ದಾರಿಯಲ್ಲಿ, ದೀಪ ಅವನ ಕೈಯಲ್ಲಿದ್ದಾಗ, "ಸೋಮವಾರ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗ್ತಿದೀನಿ. ಬೇಕರಿ ಕೆಲಸ" ಅಂದ. ಯಾರೂ ಮಾತಾಡಲಿಲ್ಲ. ಏನು ಹೇಳೋದು? ಸ್ವಲ್ಪ ದೂರ ನಡೆದ ಮೇಲೆ ದೊಡ್ಡಪ್ಪ ಮುಂದಿನ ಮನೆಯ ಪದ ಎತ್ತಿದರು, ಮನೆ ಇನ್ನೂ ಕಾಣಿಸ್ತಾನೇ ಇರಲಿಲ್ಲ. ನಾವು ಹಿಂದೆ ದನಿ ಸೇರಿಸಿದೆವು. ಅವನೂ ಸೇರಿಸಿದ. ಅವತ್ತು ಅವನಿಗೆ ನಾವು ಕೊಟ್ಟ ಸಮಾಧಾನ ಅಂತ ಏನಾದರೂ ಇದ್ದರೆ ಅದಿಷ್ಟೇ. ಆದರೆ ಅದು ಕಮ್ಮಿ ಅಂತ ಅವನು ಇವತ್ತಿಗೂ ಹೇಳಿಲ್ಲ.

ಎನ್.ಆರ್.ಪುರದ ಗೆಳೆಯನ ಮನೆ ಕಥೆ ಇನ್ನೊಂದು ಥರ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಆದಾಗ, 1960ರ ದಶಕದಲ್ಲಿ, ಅವರ ತಾತನ ಮನೆ, ಗದ್ದೆ ಹಿನ್ನೀರಿಗೆ ಹೋಯ್ತು. ಅವರಜ್ಜಿ ಕೊನೆಯವರೆಗೂ ಎನ್.ಆರ್.ಪುರ ಅಂತ ಹೇಳಿದವರಲ್ಲ, ಎಡೆಹಳ್ಳಿ ಅಂತಲೇ ಅನ್ನೋರು. ಯುವರಾಜರ ಹೆಸರಿಟ್ಟಿದ್ದು 1915ರಲ್ಲಿ, ಅಜ್ಜಿ ಹುಟ್ಟೋ ಮೊದಲೇ. ಆದರೂ ಹಳೇ ಹೆಸರೇ ಅವರ ಬಾಯಲ್ಲಿ. ಒಂದು ಸಲ ನಾವು ಹುಡುಗರು ಅವರ ಜಗಲಿಯಲ್ಲಿ ಹಾಡಿ ಮುಗಿಸಿದಾಗ ಅಜ್ಜಿ ಬೆರಳು ಮಡಚ್ತಾ, ತಾತ ದೀಪ ಹಿಡಿದು ಹೋಗ್ತಿದ್ದ ಮನೆಗಳನ್ನ ಒಂದೊಂದಾಗಿ ಹೇಳಿದರು. ಮೊದಲು ಯಾರ ಮನೆ, ಆಮೇಲೆ ಯಾರ ಮನೆ, ಯಾರು ಎಣ್ಣೆಗೆ ಜಿಪುಣರು, ಯಾರ ಮನೆ ಕಡುಬು ಚೆಂದ. ಅರ್ಧಕ್ಕೆ ಅರ್ಧ ಮನೆ ಈಗ ನೀರಿನಡಿ. ಊರು ಮುಳುಗಿದರೂ ಊರಿನ ನಕ್ಷೆ ಆ ಹಾಡಿನ ದಾರಿಯಲ್ಲಿ ಉಳಿದುಕೊಂಡಿತ್ತು.

ಈಗ ವೇದಿಕೆ ವಿಷಯಕ್ಕೆ ಬರ್ತೀನಿ. ವೇದಿಕೆ ಮೇಲೆ ಹಾಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಎಷ್ಟೋ ಪದಗಳು ಉಳಿದಿರೋದು ಹಾಗೆ ಹಾಡಿದವರಿಂದ, ಬರೆದುಕೊಂಡವರಿಂದ. ಆದರೆ "ಕಲೆ ಉಳೀತು ಬಿಡಿ" ಅಂತ ನಾವು ನಿಟ್ಟುಸಿರು ಬಿಡೋದು ತಪ್ಪು. ವೇದಿಕೆಗೆ ಬಾಗಿಲೇ ಇಲ್ಲ, ತೆಗೆಯೋದು ಏನನ್ನ? ಬ್ಯಾಟರಿ ದೀಪ ಆರೋದೇ ಇಲ್ಲ, ಕಾಯೋದು ಯಾಕೆ? ಹತ್ತು ನಿಮಿಷದಲ್ಲಿ ಮುಗಿಸಿ ಇಳಿಯೋರಿಗೆ ಹೆಗಲ ಮೇಲಿನ ಕಂಬಳಿ ಕೊಡೋ ಪ್ರಸಂಗ ಎಲ್ಲಿ ಬರುತ್ತೆ? ಪದ ಉಳಿಯುತ್ತೆ, ಅರ್ಥ ಜಾರಿ ಹಳ್ಳಕ್ಕೆ ಬೀಳುತ್ತೆ, ನನ್ನ ಹಾಗೆ.

ಈಚೆಗೆ ಕೆಲವು ಕಡೆ ಜೀಪಲ್ಲಿ ಹೋಗಿ ಹಾಡಿ ಬರೋದನ್ನೂ ನೋಡಿದೀನಿ. ಬೈಯೋದಿಲ್ಲ. ಹಾಡೋರಿಗೆ ವಯಸ್ಸಾಗಿದೆ, ಹುಡುಗರಿಲ್ಲ. ಆದರೆ ಒಂದು ರಾತ್ರಿಗೆ ನಲವತ್ತು ಮನೆ ಮುಗಿಸೋದಕ್ಕಿಂತ ನಡೆದು ನಾಲ್ಕು ಮನೆ ಮಾಡೋದು ಮೇಲು ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು. ನನ್ನ ತಂಗಿ ಚಿಕ್ಕವಳಿದ್ದಾಗ "ನಾನ್ಯಾಕೆ ಬರಬಾರದು?" ಅಂತ ಕೇಳಿದ್ದಳು. "ಹುಡುಗೀರು ಹೋಗಲ್ಲ" ಅಂದಿದ್ದೆ. ಅವಳು ಬಾಗಿಲ ಒಳಗೆ ನಿಂತು ಕೇಳಿ ಕೇಳಿಯೇ ನನಗಿಂತ ಹೆಚ್ಚು ಪದ ಕಲಿತಿದ್ದಾಳೆ. ಈಗ ಅವಳು ಅದೇ ಪ್ರಶ್ನೆ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ದೀಪ ಹೊರೋದಕ್ಕೆ ಜನ ಇಲ್ಲ ಅಂತ ಒಂದು ಕಡೆ ಅಳೋದು, ಬರ್ತೀನಿ ಅಂದವರನ್ನ ಬೇಡ ಅನ್ನೋದು, ಎರಡೂ ಒಟ್ಟಿಗೆ ಸರಿ ಹೋಗಲ್ಲ. ಬರಲಿ ಅಂತಲೇ ನನ್ನ ಮತ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ದೊಡ್ಡಪ್ಪ ಈಗಿಲ್ಲ. ಶೃಂಗೇರಿಯವನು ಬಂದಿದ್ದ. ಬೇಕರಿ ಕೆಲಸದಿಂದ ಶುರು ಮಾಡಿ ಈಗ ಬೆಂಗಳೂರಲ್ಲಿ ಸ್ವಂತ ಕ್ಯಾಂಟೀನ್ ಇಟ್ಟಿದಾನೆ. ಎನ್.ಆರ್.ಪುರದವನು ಮೇಷ್ಟ್ರು, ಈಗ ಮುಂದೆ ನಿಂತು ಹಾಡೋದು ಅವನೇ. ಊರಿನವರು ಇಬ್ಬರು. ಒಟ್ಟು ಐದು ಜನ, ಎಲ್ಲರೂ ನಲವತ್ತು ದಾಟಿದವರು. ಗುಡ್ಡ ಹತ್ತುವಾಗ ಏದುಸಿರು ಬಿಡ್ತಾ ಶೃಂಗೇರಿಯವನು ಹೇಳಿದ: "ನಾವೇ ಬಲೀಂದ್ರ ಆಗಿಬಿಟ್ವಿ ಮಾರಾಯ. ವರ್ಷಕ್ಕೆ ಮೂರು ದಿನ ರಜ ಹಾಕಿ ಊರು ನೋಡೋಕೆ ಬರೋದು, ಆಮೇಲೆ ವಾಪಸ್ ಪಾತಾಳಕ್ಕೆ." ಎಲ್ಲರೂ ನಕ್ಕೆವು. ನಕ್ಕ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅವನು ತಮಾಷೆಗೆ ಹೇಳಿದ್ದು ನಿಜವೇ. ಸಣ್ಣವರಿದ್ದಾಗ ನಾವು ಬಲೀಂದ್ರನಿಗೆ ದಾರಿ ತೋರಿಸೋರು ಅಂದುಕೊಂಡಿದ್ದೆವು. ಈಗ ತುಳಿಸಿಕೊಂಡು ದೂರ ಹೋಗಿ, ವರ್ಷಕ್ಕೊಮ್ಮೆ ಬಂದು ಬಾಗಿಲು ತೆಗೀರಿ ಅಂತ ನಿಲ್ಲೋರು ನಾವೇ. ಈ ಹಾಡು ನಮಗೆ ಅರ್ಥ ಆಗೋದಕ್ಕೆ ಊರು ಬಿಡಬೇಕಾಯ್ತು.

ಅವತ್ತು ಎಂಟು ಮನೆ ಮಾಡಿದೆವು. ಐದನೇ ಮನೆಗೆ ಬೀಗ. ಗಂಡ-ಹೆಂಡತಿ ಇಬ್ಬರೇ ಇದ್ದರು, ಮಗನ ಜೊತೆ ಇರೋದಕ್ಕೆ ಹೋಗಿಬಿಟ್ಟಿದಾರೆ. ಅಂಗಳದಲ್ಲಿ ಮೊಣಕಾಲುದ್ದ ಹುಲ್ಲು. ದಾಟಿ ಹೋಗೋಣ ಅಂದೆ ನಾನು. ಮೇಷ್ಟ್ರು ಒಪ್ಪಲಿಲ್ಲ. ಬಾಗಿಲು ತೆಗೆಯೋ ಪದ ಪೂರ್ತಿ ಹಾಡಿದ, ನಾವೂ ದನಿ ಸೇರಿಸಿದೆವು. ಬಾಗಿಲೇನೂ ತೆರೆಯಲಿಲ್ಲ ಬಿಡಿ. ನಮ್ಮ ಗಿಂಡಿಯಿಂದಲೇ ದೀಪಕ್ಕೆ ಒಂದು ತೊಟ್ಟು ಎಣ್ಣೆ ಹಾಕಿಕೊಂಡು ಮುಂದೆ ಹೋದೆವು.

ಇಷ್ಟೆಲ್ಲ ಬರೆದ ಮೇಲೆ ಅಕ್ಕನ ಮಗನಿಗೆ ಮತ್ತೊಂದು ಮೆಸೇಜು ಹಾಕಿದೀನಿ: "ಮೀನಿಂಗ್ ಹೇಳೋಕೆ ಬರಲ್ಲ ಕಣೋ. ಈ ದೀಪಾವಳಿಗೆ ನನ್ನ ಜೊತೆ ಊರಿಗೆ ಬಾ. ಒಂದು ರಾತ್ರಿ ದೀಪ ನಿನ್ನ ಕೈಗೆ ಕೊಡ್ತೀನಿ. ಶೂ ಬೇಡ, ಜಾರುತ್ತೆ." ಇನ್ನೂ ಉತ್ತರ ಬಂದಿಲ್ಲ. ನೀಲಿ ಗೆರೆ ಮಾತ್ರ ಬಂದಿದೆ :-)

ನಿಮ್ಮೂರಲ್ಲಿ ಇನ್ನೂ ದೀಪ ಬರುತ್ತಾ? ನೀವು ಹಿಂದೆ ನಿಂತು ದನಿ ಸೇರಿಸಿದವರಾ, ಬಾಗಿಲು ತೆಗೆದವರಾ? ನೆನಪಿದ್ದರೆ ಬರೀರಿ. ಈ ಸಲ ಊರಿಗೆ ಹೋಗೋರಿದ್ದರೆ ರಾತ್ರಿ ಬಾಗಿಲು ಬೇಗ ಹಾಕ್ಕೋಬೇಡಿ, ಒಂದು ಗಿಂಡಿ ಎಣ್ಣೆ ಜಗಲಿ ಹತ್ತಿರ ಇಟ್ಟಿರಿ.